ಅಂಗಳದ ಗಿಡ ಕಡಿಯುವ ಮೊದಲು: ಹುಬ್ಬಳ್ಳಿ-ಧಾರವಾಡದಲ್ಲಿ ಅನುಮತಿ ಪಡೆಯುವ ಕ್ರಮ

ನಮ್ಮ ಕಡೆ ಮರ ಅನ್ನುವ ಮಾತೇ ಕಡಿಮೆ. ಮೂರು ಮಾಳಿಗೆ ಎತ್ತರದ ಬೇವಾದರೂ ಅದು ಬೇವಿನ ಗಿಡ, ನೂರು ವರ್ಷದ ಹುಣಸೆಯೂ ಹುಣಸಿ ಗಿಡ. ಕಾಯ್ದೆ ಮಾತ್ರ ಇವೆಲ್ಲವನ್ನೂ ಮರ ಎಂದೇ ಕರೆಯುತ್ತದೆ. ‘ನಮ್ಮ ಹಿತ್ತಲದಾಗಿನ ಗಿಡ, ನಾವ ಹಚ್ಚೀವಿ, ನಾವ ಕಡಸ್ತೀವಿ’ ಎಂಬ ಮಾತು ಅದರ ಮುಂದೆ ನಡೆಯುವುದಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ 8ನೇ ಕಲಂ ಪ್ರಕಾರ, ಜಾಗ ಸ್ವಂತದ್ದಾಗಿರಲಿ, ಬಾಡಿಗೆಯದ್ದಾಗಿರಲಿ, ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಪೂರ್ವಾನುಮತಿ ಇಲ್ಲದೆ ಮರ ಕಡಿಯುವಂತಿಲ್ಲ, ಕಡಿಸುವಂತೆಯೂ ಇಲ್ಲ. ‘ಕಡಿಸುವಂತಿಲ್ಲ’ ಎಂಬ ಮಾತನ್ನು ಎರಡು ಸಲ ಓದಿಕೊಳ್ಳಿ. ‘ಪರ್ಮಿಶನ್ ನಾವ ನೋಡ್ಕೋತೀವಿ, ನೀವು ಬರೀ ಹೂಂ ಅನ್ರಿ’ ಎನ್ನುವ ಕಟಗಿ ವ್ಯಾಪಾರಿ ಗಿಡ ಒಯ್ದು ಹೋದ ಮೇಲೆ ಇಲಾಖೆ ಬಂದು ನಿಲ್ಲುವುದು ನಿಮ್ಮ ಬಾಗಿಲಿಗೆ.

ಕಡಿಯುವುದು ಎಂದರೆ ಬುಡಕ್ಕೆ ಗರಗಸ ಇಡುವುದಷ್ಟೇ ಅಲ್ಲ. ಸುಡುವುದು, ತೊಗಟೆ ಸುತ್ತ ಸುಲಿಯುವುದು, ಬೇರಿಗೆ ಆಸಿಡ್ ಸುರಿಯುವುದು, ಕಾಂಡಕ್ಕೆ ತೂತು ಕೊರೆದು ವಿಷ ತುಂಬುವುದು ಎಲ್ಲವೂ ಮರಕ್ಕೆ ಹಾನಿ ಮಾಡಿದ ಲೆಕ್ಕಕ್ಕೇ ಬರುತ್ತವೆ. ಅಂಗಡಿ ಬೋರ್ಡು ಕಾಣಲಿ ಎಂದು ಹೀಗೆ ಒಣಗಿಸಿ, ಆಮೇಲೆ ‘ಒಣಗಿದ ಮರ’ ಎಂದು ಅರ್ಜಿ ಕೊಡುವವರಿದ್ದಾರೆ. ಸ್ಥಳಕ್ಕೆ ಬರುವ ಅರಣ್ಯ ಸಿಬ್ಬಂದಿ ಕಾಂಡದ ತೂತನ್ನೂ ಬುಡದ ಸುಟ್ಟ ಮಣ್ಣನ್ನೂ ನೋಡಿದರೆ ಅರ್ಜಿ ತಿರುಗಿ ಪ್ರಕರಣವಾಗುತ್ತದೆ. ಅನುಮತಿ ಇಲ್ಲದೆ ಕಡಿದರೆ ದಂಡ ಮತ್ತು ಜೈಲು ಎರಡಕ್ಕೂ ಅವಕಾಶವಿದೆ, ಕಟಗಿಯೂ ಜಪ್ತಿಯಾಗುತ್ತದೆ.

ಯಾವ ಕಚೇರಿಗೆ ಹೋಗಬೇಕು

ಹೆಚ್ಚಿನವರು ಮೊದಲು ಎಡವುವುದು ಇಲ್ಲೇ. ಮಹಾನಗರ ಪಾಲಿಕೆಯ ವಲಯ ಕಚೇರಿಗೆ ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಕಾಯುತ್ತಾರೆ. ಖಾಸಗಿ ಜಾಗದ ಮರಕ್ಕೆ ಅನುಮತಿ ಕೊಡುವವರು ಅರಣ್ಯ ಇಲಾಖೆಯ ವೃಕ್ಷಾಧಿಕಾರಿ, ಪಾಲಿಕೆಯವರಲ್ಲ. ಅರ್ಜಿ ಸಲ್ಲಿಸಬೇಕಾದದ್ದು ನಿಮ್ಮ ಭಾಗದ ವಲಯ ಅರಣ್ಯಾಧಿಕಾರಿ ಕಚೇರಿಗೆ. ಎರಡರ ಹೆಸರಲ್ಲೂ ‘ವಲಯ’ ಇರುವುದರಿಂದ ಗೊಂದಲ ಸಹಜ. ಗದಗ-ಬೆಟಗೇರಿ, ಹಾವೇರಿ, ರಾಣೆಬೆನ್ನೂರು ನಗರಸಭೆಗಳ ವ್ಯಾಪ್ತಿಯಲ್ಲಿರುವವರಿಗೂ ಇದೇ ದಾರಿ, ಅರಣ್ಯ ವಿಭಾಗ ಮಾತ್ರ ಆಯಾ ಜಿಲ್ಲೆಯದು.

ಹಾಗೆಂದು ಪಾಲಿಕೆಗೆ ಕೆಲಸವೇ ಇಲ್ಲ ಎಂದಲ್ಲ. ನಿಮ್ಮ ಕಂಪೌಂಡಿನ ಹೊರಗೆ, ಫುಟ್‌ಪಾತ್ ಮೇಲಿರುವ ಗಿಡ ನಿಮ್ಮ ಮನೆಯವರೇ ಹಚ್ಚಿ ನೀರು ಹಾಕಿ ಬೆಳೆಸಿದ್ದಾದರೂ ಅದು ಸಾರ್ವಜನಿಕ ಮರ. ಅದರ ಟೊಂಗೆ ಸವರಬೇಕಿದ್ದರೆ ಪಾಲಿಕೆಗೆ ದೂರು ಕೊಡಬೇಕು, ತೆಗೆಯಬೇಕಾದರೆ ಪಾಲಿಕೆಯೂ ವೃಕ್ಷಾಧಿಕಾರಿಯನ್ನೇ ಕೇಳಬೇಕು. ಪಕ್ಕದ ಮನೆಯ ಗಿಡ ನಿಮ್ಮ ಚಾವಣಿಯ ಮೇಲೆ ಬೀಳುವಂತಿದ್ದು ಮಾಲೀಕರು ಕಿವಿಗೊಡದಿದ್ದರೂ ಪಾಲಿಕೆಯೇ ದಾರಿ. ಅಪಾಯದ ಮರವನ್ನು ಸರಿಪಡಿಸಲು ಮಾಲೀಕರಿಗೆ ನೋಟಿಸು ಕೊಡುವ ಅಧಿಕಾರ ಪಾಲಿಕೆ ಆಯುಕ್ತರಿಗಿದೆ. ನೋಟಿಸು ಬಂದವರು ಅದನ್ನೇ ಅನುಮತಿ ಎಂದುಕೊಂಡು ಕಡಿಯಬಾರದು, ಅದನ್ನು ಅರ್ಜಿಗೆ ಲಗತ್ತಿಸಿದರೆ ಅರ್ಜಿಗೆ ತೂಕ ಬರುತ್ತದೆ. ಇನ್ನೊಂದು ಮಾತು: ಕಟ್ಟಡ ಪರವಾನಗಿ ಸಿಕ್ಕಿತೆಂದರೆ ಪ್ಲಾಟಿನ ಮರಕ್ಕೂ ಅನುಮತಿ ಸಿಕ್ಕಂತಲ್ಲ. ಬುನಾದಿ ತೋಡಲು ಜೆಸಿಬಿ ತರಿಸಿದ ದಿನ ಇದು ನೆನಪಾದರೆ ತಡವಾಯಿತು.

ಅನುಮತಿ ಬೇಡದ ಗಿಡಗಳು

ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ, ರಬ್ಬರ್ ಇಂಥವಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಪಟ್ಟಿಗೆ ಆಮೇಲಿನ ತಿದ್ದುಪಡಿಗಳಲ್ಲಿ ಹೆಸರುಗಳು ಸೇರಿವೆ, ಆದ್ದರಿಂದ ನಿಮ್ಮ ಗಿಡದ ಹೆಸರು ಹೇಳಿ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ. ಪಟ್ಟಿಯಲ್ಲಿರುವ ‘ಪ್ರೊಸೊಪಿಸ್’ ಎಂಬ ಹೆಸರಿನ ಬಗ್ಗೆ ಎಚ್ಚರ ಬೇಕು. ಜನ ಬಳ್ಳಾರಿ ಜಾಲಿ ಎನ್ನುವುದು ಆ ಕುಲದ್ದೇ. ನಾವು ದಸರೆಗೆ ಪೂಜಿಸಿ ಬಂಗಾರವೆಂದು ಹಂಚುವ ಬನ್ನಿಯೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದೇ ಕುಲ. ಹೆಸರಿನ ಈ ನಂಟನ್ನು ಹಿಡಿದು ಬನ್ನಿಗೆ ಕೊಡಲಿ ಎತ್ತಬೇಡಿ. ಲಿಖಿತ ಅನುಮತಿ ಪಡೆದೇ ಮುಂದುವರಿಯಿರಿ.

ಶ್ರೀಗಂಧದ ಕಥೆ ಬೇರೆ. 2001ರ ತಿದ್ದುಪಡಿಯ ನಂತರ ಖಾಸಗಿ ಜಮೀನಿನ ಗಂಧ ಜಮೀನಿನ ಮಾಲೀಕರದ್ದೇ. ಆದರೆ ಕಡಿಯಲು, ಸಾಗಿಸಲು, ಮಾರಲು ಕರ್ನಾಟಕ ಅರಣ್ಯ ಕಾಯ್ದೆ 1963ರ ಬೇರೆ ನಿಯಮಗಳಿವೆ. ಸಾಗವಾನಿ, ಬೀಟೆಗೂ ಸಾಗಾಣಿಕೆ ಪಾಸ್ ಇಲ್ಲದೆ ಒಂದು ತುಂಡನ್ನೂ ಗಾಡಿಗೆ ಏರಿಸಬೇಡಿ. ಇವು ನಿಮ್ಮ ಜಾಗದಲ್ಲಿದ್ದರೆ ಬೇವು, ಗುಲ್‌ಮೊಹರ್‌ಗಳ ಜೊತೆ ಒಂದೇ ಅರ್ಜಿಯಲ್ಲಿ ಸೇರಿಸದೆ ಬೇರೆಯಾಗಿ ಕೊಡಿ.

ಕಡಿಯಲೇಬೇಕೇ?

ಅರ್ಜಿ ಬರೆಯುವ ಮುನ್ನ ತೊಂದರೆ ಏನೆಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಕಾಯ್ದೆ ಒಪ್ಪುವ ಕಾರಣಗಳು ಇವು, ಇವುಗಳಲ್ಲಿ ಒಂದಿದ್ದರೂ ಆಯಿತು: ಮರ ಸತ್ತಿರಬೇಕು, ರೋಗ ಹಿಡಿದಿರಬೇಕು ಅಥವಾ ಗಾಳಿಗೆ ಉರುಳಿರಬೇಕು, ಬಲಿತು ಕಟಾವಿಗೆ ಬಂದಿರಬೇಕು, ಜೀವಕ್ಕೋ ಆಸ್ತಿಗೋ ಅಪಾಯ ಒಡ್ಡಬೇಕು, ಸಂಚಾರಕ್ಕೆ ಅಡ್ಡಿಯಾಗಬೇಕು, ಬೆಂಕಿ, ಸಿಡಿಲು, ಮಳೆಯಿಂದ ಹಾಳಾಗಿರಬೇಕು, ಹಳ್ಳಿಯಲ್ಲಾದರೆ ಮನೆ ಬಳಕೆಗೆ ಕಟ್ಟಿಗೆ ಬೇಕಿರಬೇಕು. ಎಲೆ ಉದುರಿ ಕಸವಾಗುತ್ತದೆ, ಹಕ್ಕಿ ಹೊಲಸು ಮಾಡುತ್ತವೆ, ವಾಸ್ತುಪ್ರಕಾರ ಈಶಾನ್ಯದಲ್ಲಿ ಗಿಡ ಇರಬಾರದು ಎಂಬ ಕಾರಣಗಳು ಅದರಲ್ಲಿಲ್ಲ. ಅವನ್ನು ಬರೆದರೆ ಅರ್ಜಿ ಅಲ್ಲೇ ಕೂರುತ್ತದೆ.

‘ಬೇರಿನಿಂದ ಗೋಡೆ ಬಿರುಕು ಬಿಟ್ಟಿದೆ’ ಎಂಬುದು ಈ ಊರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಕಾರಣ, ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ತಿಳಿದದ್ದೂ ಅದೇ. ಹುಬ್ಬಳ್ಳಿಯ ಬಹುಭಾಗ, ನವಲಗುಂದ, ಗದಗದ ಸುತ್ತ ಇರುವುದು ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ಅದು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಸೀಳುತ್ತದೆ. ಹತ್ತಿರ ಒಂದೂ ಗಿಡ ಇಲ್ಲದ ಮನೆಗಳ ಗೋಡೆಯೂ ಈ ಮಣ್ಣಿನಲ್ಲಿ ಬಿರಿಯುತ್ತದೆ. ದೊಡ್ಡ ಗಿಡ ಮಾಡುವುದು ಇಷ್ಟೇ: ತನ್ನ ಕಡೆಯ ಮಣ್ಣಿನ ನೀರು ಹೀರಿ ಆ ಕುಗ್ಗುವಿಕೆಯನ್ನು ಹೆಚ್ಚಿಸುತ್ತದೆ. ಹಾಗಿದ್ದರೆ ಬಿರುಕು ಗಿಡದ ಕಡೆಯ ಗೋಡೆಯಲ್ಲಿ ಹೆಚ್ಚಿರಬೇಕು, ಏಪ್ರಿಲ್-ಮೇ ತಿಂಗಳಲ್ಲಿ ಅಗಲವಾಗಿ ಸೆಪ್ಟೆಂಬರ್ ಹೊತ್ತಿಗೆ ಕೂಡಿಕೊಳ್ಳಬೇಕು. ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ತಿಂಗಳಿಗೊಮ್ಮೆ ಮಿಲಿಮೀಟರ್ ಪಟ್ಟಿಯಿಂದ ಅಳೆದು ದಿನಾಂಕದೊಂದಿಗೆ ಫೋಟೊ ತೆಗೆದಿಡಿ. ವರ್ಷವಿಡೀ ಒಂದೇ ಸಮನೆ ಬೆಳೆಯುವ ಬಿರುಕಿಗೆ ಬುನಾದಿಯೋ, ಸೋರುವ ಪೈಪೋ ಕಾರಣ ಇರುವುದು ಹೆಚ್ಚು.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಹೇಳುವವರು ಕಡಿಮೆ. ಎರಿ ಮಣ್ಣಿನಲ್ಲಿ ಮನೆಗಿಂತ ಹಳೆಯ ದೊಡ್ಡ ಗಿಡವನ್ನು ಒಮ್ಮೆಲೆ ತೆಗೆದರೆ, ಅಷ್ಟು ವರ್ಷ ಅದು ಒಣಗಿಸಿಟ್ಟಿದ್ದ ಮಣ್ಣು ಮುಂದಿನ ಕೆಲವು ಮಳೆಗಾಲಗಳಲ್ಲಿ ನೀರು ಕುಡಿದು ಉಬ್ಬುತ್ತದೆ. ಆಗ ನೆಲಹಾಸು ಎದ್ದು, ಬಾಗಿಲ ಚೌಕಟ್ಟು ಸೊಟ್ಟಗಾಗಿ, ಇಲ್ಲದಿದ್ದ ಬಿರುಕು ಹುಟ್ಟುತ್ತವೆ. ಗೋಡೆ ಉಳಿಸಲು ಗಿಡ ಕಡಿದು ಗೋಡೆಯನ್ನೇ ಕೆಡಿಸಿಕೊಳ್ಳುವುದು ಹೀಗೆ. ಮನೆಯ ಹತ್ತಿರದ ಹಳೆಯ ಗಿಡವಾದರೆ ಸಿವಿಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ. ಎರಡು ಮೂರು ವರ್ಷಗಳಲ್ಲಿ ಹಂತಹಂತವಾಗಿ ಗಿಡದ ನೆತ್ತಿ (ಮೇಲಿನ ಟೊಂಗೆ-ಎಲೆಗಳ ಹರವು) ತಗ್ಗಿಸುವುದು ಎಷ್ಟೋ ಸಲ ಸಾಕಾಗುತ್ತದೆ. ಧಾರವಾಡದ ಕೆಂಪು ಮಣ್ಣಿನ ಕಡೆ ಈ ಉಬ್ಬುವ ಕಾಟ ಅಷ್ಟಿಲ್ಲ.

ಒಳಚರಂಡಿಗೆ ಬೇರು ನುಗ್ಗಿದೆ ಎಂಬ ದೂರಿನಲ್ಲೂ ಹಾಗೇ. ಬೇರು ಗಟ್ಟಿ ಪೈಪನ್ನು ಒಡೆದು ಒಳಹೋಗುವುದು ಅಪರೂಪ, ಸೋರುವ ಜೋಡಣೆಯನ್ನು ಹುಡುಕಿಕೊಂಡು ಹೋಗುತ್ತದೆ. ಹಳೆಯ ಸುಟ್ಟಮಣ್ಣಿನ ಪೈಪು ತೆಗೆದು ಅಂಟು ಜೋಡಣೆಯ ಪಿವಿಸಿ ಹಾಕಿದರೆ ಗಿಡವೂ ಉಳಿಯುತ್ತದೆ.

ಇನ್ನು ಬೀಳುವ ಭಯ. ಅದನ್ನು ಎಂದೂ ಹಗುರವಾಗಿ ನೋಡಬಾರದು. ಬುಡದ ಮಣ್ಣು ಒಂದು ಬದಿಗೆ ಎದ್ದು ಸೀಳಿದ್ದರೆ, ನೆಟ್ಟಗಿದ್ದ ಗಿಡ ಇತ್ತೀಚೆಗೆ ವಾಲಿದ್ದರೆ, ಬುಡದಲ್ಲಿ ಗಟ್ಟಿ ಅಣಬೆ ಮೂಡಿದ್ದರೆ, ಎರಡಾಗಿ ಕವಲೊಡೆದ ಕಾಂಡದ ಸಂದಿ ಬಿರಿದಿದ್ದರೆ ಕೂಡಲೇ ಇಲಾಖೆಗೆ ತಿಳಿಸಿ. ಹುಟ್ಟಿನಿಂದಲೇ ವಾಲಿ ಬೆಳೆದ ಗಿಡ, ಟೊಳ್ಳಾದ ಹುಣಸೆ ತಾವಾಗಿ ಅಪಾಯವಲ್ಲ. ಟೊಳ್ಳಿನ ಸುತ್ತ ದಪ್ಪ ಗಟ್ಟಿ ಕವಚವಿದ್ದರೆ ಅದು ದಶಕಗಟ್ಟಲೆ ನಿಲ್ಲುತ್ತದೆ. ಗುಲ್‌ಮೊಹರ್ ಮಾತ್ರ ಬೇರೆ: ಬೇರು ಮೇಲ್ಮಟ್ಟದಲ್ಲಿ, ಟೊಂಗೆ ಪೆಳಸು. ಅಡ್ಡಮಳೆಯ (ಮುಂಗಾರಿಗೆ ಮುಂಚಿನ ಮಳೆಯ) ಗಾಳಿಗೆ ಮೊದಲು ಮುರಿಯುವುದು ಅದೇ. ಗಟಾರು, ನೀರಿನ ಪೈಪು, ಕೇಬಲ್ಲಿಗೆ ಗಿಡದ ಬುಡದಲ್ಲೇ ತೆಗ್ಗು ತೋಡಿದ್ದರೆ ಆ ಗಿಡದ ಮೇಲೆ ಕಣ್ಣಿಡಿ. ಕಾಂಡದ ವ್ಯಾಸದ ಮೂರು ಪಟ್ಟಿಗಿಂತ ಹತ್ತಿರ ಬೇರು ಕತ್ತರಿಸಿದರೆ ನಿಲ್ಲುವ ಶಕ್ತಿಗೇ ಪೆಟ್ಟು. 157 ಸೆಂ.ಮೀ. ಸುತ್ತಳತೆಯ ಬೇವಿಗೆ ವ್ಯಾಸ ಸುಮಾರು 50 ಸೆಂ.ಮೀ., ಅಂದರೆ ಒಂದೂವರೆ ಮೀಟರ್ ಒಳಗೆ ತೋಡಬಾರದು.

ಟೊಂಗೆ ಸವರಿದರೆ ಸಾಕು ಎನಿಸಿದರೆ ಅರ್ಜಿಯಲ್ಲಿ ಅಷ್ಟನ್ನೇ ಕೇಳಿ, ಬೇಗ ಸಿಗುವುದೂ ಅದೇ. ದಪ್ಪ ಟೊಂಗೆಗೂ ಒಪ್ಪಿಗೆ ಬೇಕು, ಬೆರಳು ಗಾತ್ರದ ರೆಂಬೆಗಳ ಮಾತು ಬೇರೆ. ಒಮ್ಮೆಗೆ ನೆತ್ತಿಯ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಟೊಂಗೆಯನ್ನು ಮೂರು ಕೊಯ್ತದಲ್ಲಿ ಇಳಿಸಿ: ಕಾಂಡದಿಂದ ಒಂದು ಅಡಿ ದೂರ ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಿರಿ, ಅದಕ್ಕಿಂತ ಎರಡು ಇಂಚು ಹೊರಗೆ ಮೇಲಿನಿಂದ ಪೂರ್ತಿ ಕೊಯ್ಯಿರಿ, ಉಳಿದ ಮೋಟನ್ನು ಕಾಂಡ ಸೇರುವಲ್ಲಿ ಉಬ್ಬಿರುವ ಕೊರಳಿನ ಹೊರಗೆ ಕೊಯ್ಯಿರಿ. ಕೊರಳನ್ನೇ ಕೊಯ್ದರೆ ಗಾಯ ಮಾಯುವುದಿಲ್ಲ. ಡಾಂಬರು ಬಳಿಯುವುದರಿಂದ ಉಪಯೋಗವಿಲ್ಲ. ನೆತ್ತಿಯನ್ನು ಬೋಳಿಸಿ ಕಂಬದಂತೆ ನಿಲ್ಲಿಸುವ ಪದ್ಧತಿ ಎಲ್ಲಕ್ಕಿಂತ ಕೆಟ್ಟದ್ದು: ಕಡಿದ ತುದಿಯಿಂದ ಗುಂಪಾಗಿ ಚಿಗುರುವ ಟೊಂಗೆಗಳಿಗೆ ಹಿಡಿತವಿರುವುದಿಲ್ಲ, ಕೆಲ ವರ್ಷಗಳಲ್ಲಿ ಅವು ಮೊದಲಿಗಿಂತ ಹೆಚ್ಚು ಅಪಾಯ ತರುತ್ತವೆ.

ಅರ್ಜಿ

ಬಿಳಿ ಹಾಳೆಯ ಅರ್ಜಿಯಾದರೂ ಅದರಲ್ಲಿ ಇವು ಇರಬೇಕು: ಜಾಗದ ಸಿ.ಟಿ.ಎಸ್. (ನಗರದ ಸಿಟಿ ಸರ್ವೇ) ಅಥವಾ ಸರ್ವೇ ನಂಬರು, ಮರಗಳ ಸಂಖ್ಯೆ, ಜಾತಿ, ಸುತ್ತಳತೆ, ಕಾರಣ, ಮಾಲೀಕರ ಒಪ್ಪಿಗೆ. ಇದಕ್ಕೆ ನಕ್ಷೆ ಲಗತ್ತಿಸಬೇಕು. ಸುತ್ತಳತೆಯನ್ನು ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪಿನಿಂದ ಅಳೆಯಿರಿ. ಅದಕ್ಕಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕವಲಿನ ಅಳತೆ ಬೇರೆ ಬರೆಯಿರಿ. ಇಳಿಜಾರಾಗಿದ್ದರೆ ಮೇಲಿನ ಬದಿಯಿಂದ ಅಳೆಯಿರಿ. ‘ದೊಡ್ಡ ಬೇವಿನ ಗಿಡ 1’ ಎಂದಷ್ಟೇ ಬರೆದ ಅರ್ಜಿಗಳು ಮರಳಿ ಬರುತ್ತವೆ.

ಮಾಲೀಕತ್ವಕ್ಕೆ ನಗರದಲ್ಲಿ ಸಿಟಿ ಸರ್ವೇ ಕಚೇರಿಯ ಪಿ.ಆರ್. ಕಾರ್ಡ್ (ಆಸ್ತಿ ದಾಖಲೆ ಪತ್ರ) ಮತ್ತು ಚಾಲ್ತಿ ವರ್ಷದ ಆಸ್ತಿ ತೆರಿಗೆ ರಸೀದಿ ಇಡಿ. ಹೊಲವಾದರೆ ಉತಾರ (ಪಹಣಿ). ಮುಂಬೈ ಪ್ರಾಂತದ ಕಾಲದಿಂದ ಬಂದ ಈ ಸಿ.ಟಿ.ಎಸ್. ದಾಖಲೆಗಳಲ್ಲಿ ಇಂದಿಗೂ ಅಜ್ಜನ ಹೆಸರೇ ಇರುವುದು ಸಾಮಾನ್ಯ, ಅನುಮತಿ ತಡವಾಗುವ ದೊಡ್ಡ ಕಾರಣವೂ ಇದೇ. ವಾರಸಾ ಆಗದಿದ್ದರೆ, ಅಂದರೆ ದಾಖಲೆಗೆ ವಾರಸುದಾರರ ಹೆಸರು ಏರದಿದ್ದರೆ, ಎಲ್ಲ ವಾರಸುದಾರರ ಸಹಿ ಇರುವ ಒಪ್ಪಿಗೆ ಪತ್ರ ತಯಾರಿಟ್ಟುಕೊಳ್ಳಿ. ಗಡಿ ಗೋಡೆಯ ಮೇಲೆಯೇ ಬೆಳೆದ ಗಿಡಕ್ಕೆ ಎರಡೂ ಮನೆಯವರು ಸಹಿ ಮಾಡಬೇಕು.

ನಕ್ಷೆಗೆ ಡ್ರಾಫ್ಟ್ಸ್‌ಮನ್ ಬೇಕಿಲ್ಲ. ಮನೆ, ಕಂಪೌಂಡು, ರಸ್ತೆ, ವಿದ್ಯುತ್ ತಂತಿ ಗುರುತಿಸಿ, ಪ್ರತಿ ಮರಕ್ಕೆ ನಂಬರು ಕೊಟ್ಟು, ಗೋಡೆಯಿಂದ ಅದರ ದೂರವನ್ನು ಮೀಟರಿನಲ್ಲಿ ಬರೆದರೆ ಸಾಕು. ಅದೇ ನಂಬರನ್ನು ಕಾಂಡದ ಮೇಲೂ ಸುಣ್ಣದಿಂದ ಬರೆಯಿರಿ. ಅರ್ಜಿಯ ಒಕ್ಕಣೆ ಹೀಗಿರಲಿ:

‘ಮಾನ್ಯ ವೃಕ್ಷಾಧಿಕಾರಿಗಳಿಗೆ, ವಲಯ ಅರಣ್ಯಾಧಿಕಾರಿಗಳ ಮುಖಾಂತರ. ವಿಷಯ: ಸಿ.ಟಿ.ಎಸ್. ನಂ. ……ರ ನಿವೇಶನದಲ್ಲಿರುವ 1 ಗುಲ್‌ಮೊಹರ್ ಮರವನ್ನು ತೆರವುಗೊಳಿಸಲು ಅನುಮತಿ ಕೋರಿ. ಸದರಿ ಮರದ ಸುತ್ತಳತೆ 1.37 ಮೀ. ಎತ್ತರದಲ್ಲಿ 140 ಸೆಂ.ಮೀ. ಮನೆಯ ಗೋಡೆಯಿಂದ 2.5 ಮೀ. ದೂರದಲ್ಲಿದೆ. ಪಶ್ಚಿಮ ಬದಿಯ ಬೇರುಗಳು ಗಟಾರು ಕಾಮಗಾರಿಯಲ್ಲಿ ತುಂಡಾಗಿದ್ದು, ಮರ ಮನೆಯ ಕಡೆ ವಾಲಿದೆ. ಬುಡದ ಮಣ್ಣು ಬಿರಿದಿದೆ. ಫೋಟೊ 1ರಿಂದ 4 ಲಗತ್ತಿಸಿದೆ. ಬದಲಿಗೆ ಇದೇ ನಿವೇಶನದ ಈಶಾನ್ಯ ಮೂಲೆಯಲ್ಲಿ ಸಸಿ ನೆಡಲು ಬದ್ಧನಿದ್ದೇನೆ. ಸ್ಥಳ ಪರಿಶೀಲಿಸಿ ಅನುಮತಿ ನೀಡಬೇಕಾಗಿ ವಿನಂತಿ.’

ಎರಡು ಪ್ರತಿ ಒಯ್ದು ಒಂದರ ಮೇಲೆ ದಿನಾಂಕ, ಆವಕ ನಂಬರು, ಮೊಹರು ಹಾಕಿಸಿಕೊಳ್ಳಿ. ಸ್ಥಳ ಪರಿಶೀಲನೆಗೆ ಬಂದಾಗ ಮನೆಯಲ್ಲಿರಿ, ಬಿರುಕಿನ ಫೋಟೊಗಳನ್ನು ಮುಂದಿಡಿ. ಪರಿಶೀಲನೆಗೆ ಬಂದವರು ‘ಆಯ್ತು, ಕಡೀರಿ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಅದು ಅನುಮತಿಯಲ್ಲ. ಲಿಖಿತ ಆದೇಶ ಕೈಗೆ ಬರಬೇಕು. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕಾದದ್ದು ಅವರ ಕರ್ತವ್ಯ, ಮೇಲ್ಮನವಿಗೂ ಕಾಯ್ದೆಯಲ್ಲಿ ದಾರಿಯಿದೆ. ಮೇಲ್ಮನವಿಗೆ ಗಡುವು ಇರುವುದರಿಂದ ಆದೇಶ ತಲುಪಿದ ದಿನಾಂಕವನ್ನು ಬರೆದಿಡಿ.

ಮಳೆಗಾಲಕ್ಕೆ ಮುಂಚೆ ಕೆಲಸ ಮುಗಿಯಬೇಕೆಂದರೆ ಅರ್ಜಿ ಡಿಸೆಂಬರ್‌ನಲ್ಲೇ ಹೋಗಲಿ. ಮೊದಲ ಅಡ್ಡಮಳೆಗೆ ಗಿಡ ಬಿದ್ದ ಮೇಲೆ ಕಚೇರಿಯ ಮುಂದೆ ಸಾಲು ಉದ್ದವಾಗಿರುತ್ತದೆ. ಗಿಡ ತಂತಿಯ ಮೇಲೆ ಉರುಳಿದರೆ ಹತ್ತಿರ ಹೋಗದೆ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ, ಜನ ಸಿಲುಕಿದ್ದರೆ 112ಕ್ಕೆ ಕರೆ ಮಾಡಿ. ಆಮೇಲೆ ಎಲ್ಲ ಬದಿಯಿಂದ ಫೋಟೊ ತೆಗೆದು, ಅದೇ ದಿನ ವಲಯ ಅರಣ್ಯ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ.

ಕಡಿಯುವ ದಿನ

ಆದೇಶದಲ್ಲಿರುವ ಅವಧಿ, ಮರದ ನಂಬರು, ಷರತ್ತುಗಳನ್ನು ಓದಿಕೊಳ್ಳಿ. ಮೂರು ಕೇಳಿ ಎರಡಕ್ಕೆ ಅನುಮತಿ ಸಿಕ್ಕಿದ್ದರೆ ಮೂರನೆಯದಕ್ಕೆ ಕೈ ಹಚ್ಚಬಾರದು, ಕೆಲಸದವರಿಗೆ ಇದನ್ನು ತೋರಿಸಿ ಹೇಳಿ. ಆದೇಶದ ಪ್ರತಿ ಸ್ಥಳದಲ್ಲಿರಲಿ, ಪಕ್ಕದವರಿಗೆ ಹಿಂದಿನ ದಿನವೇ ತಿಳಿಸಿರಿ. ತಂತಿ ಹತ್ತಿರವಿದ್ದರೆ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಪತ್ರ ಕೊಟ್ಟು, ಲೈನ್‌ಮನ್ ಎಲ್‌ಸಿ (ಲೈನ್ ಕ್ಲಿಯರ್) ತೆಗೆದುಕೊಂಡು ವಿದ್ಯುತ್ ನಿಲ್ಲಿಸಿದ್ದು ಖಾತ್ರಿಯಾದ ಮೇಲೆಯೇ ಏರಬೇಕು. ಟೊಂಗೆಯಲ್ಲಿ ಮೊಟ್ಟೆ, ಮರಿ ಇರುವ ಗೂಡಿದ್ದರೆ ಮರಿ ಹಾರುವವರೆಗೆ ತಡೆಯಿರಿ. ಗೂಡು ಹಾಳು ಮಾಡುವುದೂ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಬೇಟೆಯ ಲೆಕ್ಕಕ್ಕೆ ಬರುತ್ತದೆ. ಇಕ್ಕಟ್ಟಿನ ಓಣಿಗಳಲ್ಲಿ ಬುಡದಿಂದ ಉರುಳಿಸಬಾರದು, ಮೇಲಿನಿಂದ ತುಂಡು ತುಂಡಾಗಿ ಹಗ್ಗ ಕಟ್ಟಿ ಇಳಿಸಬೇಕು.

ಕಟಗಿ ಹೊರಗೆ ಹೋಗುವ ಮುನ್ನ ಆ ಜಾತಿಗೆ ಸಾಗಾಣಿಕೆ ಪಾಸ್ ಬೇಕೇ ಎಂದು ಆದೇಶ ಪಡೆಯುವಾಗಲೇ ಕೇಳಿಟ್ಟುಕೊಳ್ಳಿ. ಬೇರು ಕಿತ್ತ ತೆಗ್ಗನ್ನು ಗೋಡೆಯ ಹತ್ತಿರ ಎರಿ ಮಣ್ಣಿನಿಂದ ತುಂಬಬೇಡಿ. ಗರಸು (ಹರಳು ಬೆರೆತ ಒರಟು ಮಣ್ಣು) ಹಾಕಿ, ಅರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ದಮ್ಮಸು ಹೊಡೆಯಿರಿ. ಇಲ್ಲದಿದ್ದರೆ ಮಳೆನೀರು ಅಲ್ಲೇ ನಿಂತು ಬುನಾದಿಗೆ ಇಳಿಯುತ್ತದೆ.

ಕಿತ್ತು ನೆಡಬಹುದೇ ಎಂದು ಕೇಳುವವರಿಗೆ: ಆಲ, ಅರಳಿ, ಬಸರಿ ಚೆನ್ನಾಗಿ ಹಿಡಿಯುತ್ತವೆ. ಆದರೆ 20 ಸೆಂ.ಮೀ. ವ್ಯಾಸದ ಗಿಡಕ್ಕೇ ಸುಮಾರು 2 ಮೀಟರ್ ಅಗಲದ ಬೇರುಗಡ್ಡೆ ಬೇಕು, ಮಣ್ಣು ಸೇರಿ ಅದು ಹಲವು ಟನ್ ತೂಗುತ್ತದೆ. ಕ್ರೇನ್ ಓಣಿಯೊಳಗೆ ಬರಬೇಕು. ಒಣಗಿದ ಎರಿ ಮಣ್ಣು ಎತ್ತುವಾಗ ಗಡ್ಡೆಯಿಂದ ಉದುರಿ ಬೇರು ಬತ್ತಲಾಗುವುದರಿಂದ ಮುಂಗಾರು ಹಿಡಿದ ಮೇಲೆ, ಮಣ್ಣು ಹಸಿಯಿದ್ದಾಗ ಮಾತ್ರ ಇದಕ್ಕೆ ಕೈಹಾಕಿ.

ಬದಲಿ ಸಸಿ

ಅನುಮತಿಯ ಜೊತೆ ಬದಲಿ ನೆಡುವ ಷರತ್ತು ಬರುತ್ತದೆ: ಕಡಿದ ದಿನದಿಂದ 30 ದಿನಗಳೊಳಗೆ, ಅಥವಾ ವೃಕ್ಷಾಧಿಕಾರಿ ವಿಸ್ತರಿಸಿದ ಅವಧಿಯೊಳಗೆ. ಮಾರ್ಚ್‌ನಲ್ಲಿ ಕಡಿದರೆ ಈ 30 ದಿನ ಸುಡುಬಿಸಿಲಿಗೆ ಬೀಳುತ್ತದೆ, ಸಸಿ ಉಳಿಯುವುದಿಲ್ಲ. ಅರ್ಜಿಯಲ್ಲೇ ಮೃಗಶಿರ ಮಳೆಯ ಹೊತ್ತಿಗೆ, ಅಂದರೆ ಜೂನ್ ಎರಡನೇ ವಾರಕ್ಕೆ ಅವಧಿ ಕೇಳಿ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಿ. ತೆಗೆದ ಮಣ್ಣಿಗೆ ಎರಡು ಬುಟ್ಟಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಿ. ಎರಿ ಮಣ್ಣಾದರೆ ಎರಡು ಬುಟ್ಟಿ ಗರಸನ್ನೂ ಸೇರಿಸಿ, ನೀರು ನಿಲ್ಲದಿರಲಿ. ಮೊಣಕಾಲೆತ್ತರದ ಸಸಿಗಿಂತ ಐದು ಅಡಿಯ ಸಸಿ ದನ, ಆಡಿನ ಬಾಯಿಂದ ಪಾರಾಗುತ್ತದೆ. ಬೇವು, ಹೊಂಗೆಯನ್ನು ಗೋಡೆಯಿಂದ 8 ಮೀಟರ್ ದೂರವಿಡಿ. ಅಷ್ಟು ಜಾಗವಿಲ್ಲದ ಪ್ಲಾಟಿಗೆ ಬಿಲ್ವಪತ್ರೆ, ನೆಲ್ಲಿ, ಕರಿಬೇವು ಸರಿ. ಬುಡದ ಸುತ್ತ ಒಂದು ಮೀಟರ್ ಜಾಗಕ್ಕೆ ಕಾಂಕ್ರೀಟು, ಪೇವರ್ ಹಾಕಬೇಡಿ.

ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಕೊಡ ನೀರು ಹಾಕಿ. ನೆಟ್ಟ ದಿನ, ಆರು ತಿಂಗಳು, ಒಂದು ವರ್ಷಕ್ಕೆ ತೆಗೆದ ಫೋಟೊಗಳನ್ನು ಆದೇಶದ ಪ್ರತಿ ಮತ್ತು ಪಾಸಿನೊಂದಿಗೆ ಮನೆಯ ಕಾಗದಪತ್ರಗಳ ಫೈಲಿನಲ್ಲೇ ಇಡಿ. ಎಷ್ಟೋ ದಿನಗಳ ಮೇಲೆ ಯಾರಾದರೂ ದೂರು ಕೊಟ್ಟು ಇಲಾಖೆಯವರು ಬಂದರೆ ತೋರಿಸಬೇಕಾದದ್ದು ಅದನ್ನೇ.